ಸಾಧು ಮೀನು

ಮಾರುಕಟ್ಟೆಯಲ್ಲಿ ಎಲ್ಲರಿಗೂ ಅವಳು ಚೂರಿಯಜ್ಜಿ. ಮೂವತ್ತು ವರ್ಷದಿಂದ ಅದೇ ಕಲ್ಲಿನ ಕಟ್ಟೆ, ಸವೆದು ಸವೆದು ಬೆರಳಿನಷ್ಟಾದ ಅದೇ ಚೂರಿ. ನಾಲಿಗೆ ಮಾತ್ರ ಸವೆದಿರಲಿಲ್ಲ. ತೀರಾ ಚೌಕಾಸಿ ಮಾಡುವವರಿಗೆ, "ಹೋಗಿ, ಕೆರೆಗೇ ಇಳಿದು ಹಿಡ್ಕೊಳ್ಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದಳು.

ಕೆರೆಯ ಮೀನು ಜೀವಂತವಾಗಿಯೇ ತೊಟ್ಟಿಗೆ ಬರುತ್ತಿತ್ತು. ಗಿರಾಕಿ ಬಂದ ಕೂಡಲೇ ಅಜ್ಜಿ ಚೂರಿಯ ಹಿಡಿಯಿಂದ ತೊಟ್ಟಿಯ ಅಂಚಿಗೆ ಟಕ್ ಟಕ್ ಎಂದು ಎರಡು ಪೆಟ್ಟು ಹಾಕುವಳು. ಮೀನು ದಿಕ್ಕಾಪಾಲಾಗಿ ಓಡಿದರೆ ಗಟ್ಟಿ ಮಾಲು ಎಂದರ್ಥ. ಬೆನ್ನು ಸೊಟ್ಟಗಿದ್ದುದನ್ನು ಯಾರೂ ಕೊಳ್ಳರು. ಅದೂ, ಗಿರಾಕಿಗಳಿಗೆ ಬೇಡವಾದ ಲಿವರೂ ಮೀನು ಕೊಯ್ದವಳ ಪಾಲು.

ಎರಡು ವರ್ಷದಿಂದ ಸೊಟ್ಟ ಮೀನು ಹೆಚ್ಚುತ್ತಾ ಬಂತು. ಮುದುಕಿಗೆ ಶುಕ್ರದೆಸೆ ತಿರುಗಿತು ಎಂದು ಪಕ್ಕದವರು ಕಿಚಾಯಿಸಿದರು. ಅವಳೂ ಹಿಗ್ಗಿದಳು. ದಿನವೂ ಡಬ್ಬಿ ತುಂಬಾ ಮನೆಗೆ ಒಯ್ದು, ಮೂರು ವರ್ಷದ ಮೊಮ್ಮಗಳಿಗೆ ತಾನೇ ಮುಳ್ಳು ಆರಿಸಿ ತಿನ್ನಿಸಿದಳು.

ಈ ವರ್ಷ ಮಾತ್ರ ತೊಟ್ಟಿಗೆ ತಟ್ಟಿದರೆ ಒಂದೂ ಓಡಲಿಲ್ಲ. ಎಲ್ಲವೂ ಒಂದೇ ಕಡೆ ಮುಖ ಮಾಡಿ, ಕಿವಿರು ಆಡಿಸುತ್ತಾ ಸುಮ್ಮನೆ ನಿಂತಿದ್ದವು. ನೀರಿಗೆ ಕೈ ಇಳಿಸಿದರೆ ಒಂದು ಮೀನು ಬಂದು ಅಂಗೈಗೆ ಒರಗಿಕೊಂಡಿತು.

"ನನ್ ಕೈ ಗುರುತು ಹಿಡಿದಿವೆ ಕಣ್ರೋ! ಎಷ್ಟು ಸಾಧು ನೋಡಿ" ಎಂದು ಜಂಬ ಕೊಚ್ಚಿಕೊಂಡಳು. ಕೊಯ್ದಾಗ ಕಿವಿರು ಕೆಂಪಗಿರದೆ ಕಂದುಗಟ್ಟಿ ಲೋಳೆಯಾಗಿತ್ತು. ಲಿವರಿನ ಮೇಲೆ ಕಪ್ಪು ಚುಕ್ಕೆಗಳಿದ್ದವು. ಅವಳು ಚೆನ್ನಾಗಿ ತೊಳೆದು ಡಬ್ಬಿಗೆ ಹಾಕಿದಳು. ತೊಳೆದರೆ ಹೋಗದ್ದು ಯಾವುದಿದೆ ಎಂಬುದು ಅವಳ ಧೈರ್ಯ.

ಒಂದು ಬೆಳಿಗ್ಗೆ, ಹಿಂದಿನ ತಿಂಗಳು ಪರೀಕ್ಷೆಗೆಂದು ಮೀನು ಒಯ್ದಿದ್ದ ಪ್ರಯೋಗಾಲಯದ ಹುಡುಗಿ ಮತ್ತೆ ಬಂದಳು. ತೊಟ್ಟಿಯನ್ನು ತಾನೇ ತಟ್ಟಿ ನೋಡಿ ಮುಖ ಸಣ್ಣ ಮಾಡಿಕೊಂಡಳು.

"ಅಜ್ಜಿ, ಇವು ಸಾಧು ಆಗಿಲ್ಲ. ಪಕ್ಕದಲ್ಲಿ ನೀರು ಅಲುಗಿದ್ರೂ ಇವಕ್ಕೆ ಗೊತ್ತಾಗ್ತಿಲ್ಲ. ಮೇಲ್ಗಡೆ ಕಾರ್ಖಾನೆ ನೀರು ಕೆರೆಗೆ ಬೀಳುತ್ತಲ್ಲ, ಅದರಲ್ಲಿರೋ ಸೀಸ, ಕ್ಯಾಡ್ಮಿಯಂ ಎಲ್ಲಾ ಇವುಗಳ ಮೈಯಲ್ಲೇ ಕೂತಿದೆ. ಲಿವರಲ್ಲಂತೂ ತುಂಬಾ ಜಾಸ್ತಿ. ತೊಳೆದ್ರೂ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ."

"ಚಿಕ್ಕ ಮಕ್ಕಳು ತಿಂದಿದ್ರೆ?"

ಹುಡುಗಿ ಕಟ್ಟೆಯ ಮೇಲಿದ್ದ ಡಬ್ಬಿಯ ಕಡೆ ನೋಡಿದಳು. "ಯಾರಾದ್ರೂ ತಿಂದಿದಾರಾ ಅಜ್ಜಿ?" ಎಂದಳು.

ಚೂರಿಯಜ್ಜಿಗೆ ಜೀವಮಾನದಲ್ಲಿ ಆಗದಂಥ ಭಯವಾಯಿತು. ಡಬ್ಬಿಯನ್ನು ಕಟ್ಟೆಯ ಮೇಲೇ ಬಿಟ್ಟು, ಚೂರಿ ಕೈಯಲ್ಲಿರುವುದೂ ಮರೆತು ಮನೆಗೆ ಓಡಿದಳು.

ಮೊಮ್ಮಗಳು ಗೋಡೆಗೆ ಮುಖ ಮಾಡಿ ಕೂತು, ನೆಲದ ಮೇಲೆ ಒಂದು ಚಮಚವನ್ನು ತಿರುಗಿಸುತ್ತಿದ್ದಳು. ಅಡುಗೆಮನೆಯಿಂದ ಮಗಳು ಕೂಗಿ ಹೇಳಿದಳು: "ಈಚೆಗೆ ಎಷ್ಟು ಸಾಧು ಆಗಿದಾಳಮ್ಮ! ಬೆಳಗಿಂದ ಒಂದು ತಂಟೆಯಿಲ್ಲ, ಒಂದು ಮಾತಿಲ್ಲ."

ಅಜ್ಜಿ ಮಗುವಿನ ಬೆನ್ನ ಹಿಂದೆ ನಿಂತು ಚೂರಿಯ ಹಿಡಿಯಿಂದ ಬಾಗಿಲಿಗೆ ಎರಡು ಪೆಟ್ಟು ಹಾಕಿದಳು.

ಒಳಗೆ ಮಗಳು ಬೆಚ್ಚಿಬಿದ್ದು ಪಾತ್ರೆ ಕೆಡವಿದಳು. ಮಗು ಚಮಚ ತಿರುಗಿಸುತ್ತಲೇ ಇತ್ತು.