ಹೆಪ್ಪಿನ ಕರಾರು

ನಿನ್ನೆ ಸಂಜೆ ಪಕ್ಕದ ಮನೆಯ ಹೊಸ ಸೊಸೆ ಸ್ಟೀಲ್ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ಆಂಟಿ, ಒಂಚೂರು ಹೆಪ್ಪು ಕೊಡ್ರಿ.’ ಮೊಸರಿನ ಗಡಿಗೆಯ ಮುಚ್ಚಳ ತೆಗೆದೆ. ಆ ತಣ್ಣನೆಯ ಹುಳಿ ವಾಸನೆಗೆ ಟೈಪಿಂಗ್ ಮಾಸ್ತರು ನೆನಪಾದರು...

ಗಂಗಾವತಿಯಲ್ಲಿ ನಮ್ಮ ಎದುರಿಗೇ ಅವರ ಮನೆ, ಮುಂದಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು. ಟೈಪ್‌ರೈಟರಿನ ಕಾಲ ಮುಗಿಯುತ್ತ ಬಂದಾಗ ಅವರು ಹಳೆಯದೊಂದು ಕಂಪ್ಯೂಟರ್ ತಂದು, ತಾವೇ ಕಲಿತು, ಕನ್ನಡ ಟೈಪ್ ಮಾಡುವ ಪ್ರೋಗ್ರಾಂ ಬರೆದರು. ಅಕ್ಷರಗಳೆಲ್ಲ ಹಳೆಯ ಮಷೀನಿನ ಜಾಗದಲ್ಲೇ ಇದ್ದವು. ತಮ್ಮಲ್ಲಿ ಕಲಿತ ಹುಡುಗಿಯರ ಬೆರಳುಗಳು ಮತ್ತೆ ಮೊದಲಿನಿಂದ ಕಲಿಯಬಾರದು, ಅಷ್ಟೇ ಅವರ ಆಸೆ. ಫ್ಲಾಪಿ ಹಿಡಿದು ಬಂದವರಿಗೆಲ್ಲ ಪುಕ್ಕಟೆ ಕೊಟ್ಟರು. ಬೇಕಾದವರು ತಿದ್ದಿಕೊಳ್ಳಲಿ ಎಂದು ಪ್ರೋಗ್ರಾಮಿನ ಒಳಬರಹವನ್ನೂ, ಅಂದರೆ ಸೋರ್ಸ್ ಕೋಡನ್ನೂ, ಕೊಟ್ಟರು.

ಬೇರೆ ಊರಿನ ವ್ಯಾಪಾರಿಯೊಬ್ಬ ಅದನ್ನು ಒಯ್ದು, ಅಲ್ಲಲ್ಲಿ ತಿದ್ದಿ, ಒಳಬರಹ ಮುಚ್ಚಿಟ್ಟು, ತನ್ನ ಹೆಸರಿನ ಸಿ.ಡಿ. ಮಾಡಿ ಮಾರಿದ. ಮಾಸ್ತರ ಶಿಷ್ಯೆಯೇ ಒಬ್ಬಳು ಅದನ್ನು ಕೊಂಡು ತಂದು, ‘ಸರ್, ಇದರಾಗ ಒತ್ತಕ್ಷರ ತಪ್ಪು ಬೀಳತೈತಿ, ಸರಿ ಮಾಡಿಕೊಡ್ರಿ’ ಎಂದಳು. ತಾವೇ ಕಟ್ಟಿದ ಮನೆಯೊಳಗೆ ಹೋಗಲು ಮಾಸ್ತರಿಗೆ ಬಾಗಿಲಿರಲಿಲ್ಲ.

ತಾವು ಮತ್ತೆ ಬರೆದ ಹೊಸ ಪ್ರೋಗ್ರಾಮನ್ನಾದರೂ ಕರಾರು ಹಾಕಿಯೇ ಕೊಡಬೇಕೆಂದು ಮೂರು ಬಗೆಯ ಲೈಸೆನ್ಸು ಪತ್ರಗಳನ್ನು ಪ್ರಿಂಟ್ ಮಾಡಿಸಿ, ನಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಬಂದು ಕೂತರು. ಕಾನ್ವೆಂಟಿನಲ್ಲಿ ಓದಿದವಳೆಂದು ಆ ಗಂಟುಗಂಟು ಇಂಗ್ಲಿಷನ್ನು ಬಿಡಿಸಿ ಹೇಳುವ ಕೆಲಸ ನನ್ನದು. ಮೊದಲನೆಯದರಲ್ಲಿ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದಿತ್ತು. ಎರಡನೆಯದರಲ್ಲಿ ದುಡ್ಡಿಗೆ ಬಳಸುವುದೇ ನಿಷಿದ್ಧ. ಮಾಸ್ತರು ಅದರ ಮೇಲೆ ಬೆರಳಿಟ್ಟರು.

‘ಇದ ಇರಲಿ ತಂಗಿ. ಯಾವನೂ ರೊಕ್ಕ ಮಾಡಬಾರದು.’

‘ಮತ್ತ ರೊಕ್ಕಕ್ಕ ಲಗ್ನಪತ್ರಿಕಿ ಟೈಪ್ ಮಾಡೋ ನಿಮ್ಮ ಹುಡುಗ್ಯಾರು? ಅವರೂ ಕಳ್ಳರೇನ್ರಿ ಮಾಸ್ತರ?’

ಅವರು ಬೆರಳು ಹಿಂದೆಗೆದರು. ಹಾಲು ಉಗುರುಬೆಚ್ಚಗಾಗಿತ್ತು. ಹೆಪ್ಪು ಹಾಕುತ್ತ ಮೂರನೆಯದನ್ನು ನನಗೆ ತಿಳಿದಂತೆ ಹೇಳಿದೆ: ‘ಮೊಸರು ಮಾರಲಿ ಬಿಡ್ರಿ. ಆದ್ರ ತಗೊಂಡವರು ಹೆಪ್ಪು ಕೇಳಿದ್ರ ಇಲ್ಲ ಅನ್ನಬಾರದು. ಇದು ಹಂಗ ಐತಿ. ತಿದ್ದಿ ಮಾರಿದ್ರೂ ಒಳಗಿಂದು ಮುಚ್ಚಿಡಾಂಗಿಲ್ಲ. ಮುಂದಿನವರಿಗೂ ಇದ ಕರಾರು.’

‘ದೀಪ ಹಚ್ಚಿದ ಮ್ಯಾಲೆ ನೀನ ಹೆಪ್ಪು ಕೊಡಾಂಗಿಲ್ಲಲ್ಲವಾ!’ ಎಂದು ನಮ್ಮ ಮನೆಯ ಪದ್ಧತಿಯನ್ನು ಕೆಣಕಿ ನಕ್ಕರು. ಆರಿಸಿದ್ದು ಮಾತ್ರ ಮೂರನೆಯದನ್ನೇ.

ಮಾಸ್ತರು ತೀರಿಹೋಗಿ ವರ್ಷಗಳಾದವು. ಕ್ಲಾಸಿದ್ದಲ್ಲಿ ಈಗ ಮೊಬೈಲ್ ಅಂಗಡಿ. ಈಚೆಗೆ ಕೊಪ್ಪಳದಲ್ಲಿ ಅರ್ಜಿ ಟೈಪ್ ಮಾಡುವ ಹೆಣ್ಣುಮಗಳೊಬ್ಬಳ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂ ಕಂಡೆ. ಯಾರೋ ಹೊಸ ಕಾಲಕ್ಕೆ ಹೊಂದಿಸಿದ್ದರು, ಒಳಬರಹವನ್ನೂ ಆ ಕರಾರನ್ನೂ ಮುಂದಕ್ಕೆ ಬಿಟ್ಟಿದ್ದರು. ಓಡಿಹೋಗಿ ಹೇಳೋಣವೆಂದರೆ ಎದುರು ಮನೆಯಲ್ಲಿ ಅವರಿಲ್ಲ...

ಹೊಸ ಸೊಸೆ ಕಾಯುತ್ತಿದ್ದಳು. ದೇವರ ಮುಂದೆ ಆಗಲೇ ದೀಪ ಹಚ್ಚಿಯಾಗಿತ್ತು. ಅವಳ ಬಟ್ಟಲಿಗೆ ಒಂದು ಚಮಚ ಹೆಪ್ಪು ಹಾಕಿಕೊಟ್ಟೆ.