ಬೆಳಗಾಗುವ ಮುಂಚೆ ಗುಡಿಸಿದ ಕಾಲುದಾರಿ

ನಾನು ಹುಟ್ಟಾ ಸಂಶಯದ ಮನುಷ್ಯ. ಹಾಲಿನವನ ಕ್ಯಾನಿನಲ್ಲಿ ಬೆರಳದ್ದಿ ನೋಡಿದ ಮೇಲೇ ಪಾತ್ರೆ ಹಿಡಿಯುವವನು. ಧಾರವಾಡದಿಂದ ಮುಂಬಯಿ ಹತ್ತಿರದ ಬೋರಿವಲಿಗೆ ರೇಂಜ್ ಆಫೀಸರನಾಗಿ ಬಂದಾಗ ನಮ್ಮ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲೇ ಇತ್ತು. ನನ್ನ ಈ ಗುಣ ಅರಣ್ಯ ಇಲಾಖೆಗೆಂದೇ ಹೇಳಿ ಮಾಡಿಸಿದ್ದು ಎಂದುಕೊಂಡಿದ್ದೆ.

ಕಾಡಿನ ಅಂಚಿಗೆ ತಬೇಲಾಗಳು, ಅಂದರೆ ಎಮ್ಮೆ ಕೊಟ್ಟಿಗೆಗಳು, ಇದ್ದವು. ಆ ಚಳಿಗಾಲದಲ್ಲಿ ಚಿರತೆ ಎರಡು ಕರು ಒಯ್ದಿತೆಂದು ದೂರು ಬಂತು. ಒಂದನ್ನು ಒಯ್ದದ್ದು ನಿಜ. ಇನ್ನೊಂದು ರೋಗದಿಂದ ಸತ್ತದ್ದೆಂದು ನನ್ನ ಗುಮಾನಿ. ಚಿರತೆಯನ್ನು ಕೊಲ್ಲುವುದು ಬೇಡವೆಂದು ಬರೆದೆ. ಮೇಲಿನವರು ಕೇಳಲಿಲ್ಲ. ಪರೇಲಿನ ಗಿರಣಿಯೊಂದರ ಮ್ಯಾನೇಜರನಿಗೆ ಬಂದೂಕಿನ ಶೋಕಿ ಇತ್ತು. ಅವನಿಗೆ ಒಂದು ತಿಂಗಳ ಪರವಾನಗಿ ಕೊಟ್ಟರು. ತಬೇಲಾದ ಸುತ್ತಲಷ್ಟೇ ಹೊಡೆಯಬೇಕು, ಕಾಡಿನೊಳಗೆ ಕಾಲಿಡಕೂಡದು ಎಂಬುದು ಷರತ್ತು.

ಆ ಮನುಷ್ಯನನ್ನು ನಾನು ಎಳ್ಳಷ್ಟೂ ನಂಬಲಿಲ್ಲ. ಅವನ ಮೇಲೆ ಕಣ್ಣಿಡಬೇಕೆಂದೇ ಭಾನುವಾರ ಅವನ ಜೀಪು ಬಂದಾಗಲೆಲ್ಲ ಕ್ವಾರ್ಟರ್ಸಿಗೆ ಕರೆದು ಚಹಾ ಕುಡಿಸುತ್ತಿದ್ದೆ. ಮಾತಿನ ಭರದಲ್ಲಿ ಏನಾದರೂ ಬಾಯಿ ಬಿಟ್ಟಾನು ಎಂಬ ಆಸೆ. ಅವನು ಬಿಸ್ಕೀಟು ತಿಂದು ಹೋಗುತ್ತಿದ್ದ.

ನನ್ನ ಕೈಕೆಳಗೆ ಖಾನಾಪುರ ಕಡೆಯ ಗಾರ್ಡ್ ಒಬ್ಬನಿದ್ದ. ನನ್ನ ಅಪ್ಪನ ವಯಸ್ಸು. ಇಡೀ ರೇಂಜಿನಲ್ಲಿ ನನ್ನೊಡನೆ ಕನ್ನಡ ಆಡುವವನು ಅವನೊಬ್ಬನೇ. ಕಾಡಿನಿಂದ ತಬೇಲಾದ ಕಡೆ ಇಳಿಯುವ ಕಾಲುದಾರಿಯ ಮೇಲೆ ಅಲ್ಲಲ್ಲಿ ನುಣ್ಣನೆಯ ಮಣ್ಣು ಹರಡಿಸಿ, ಬೆಳಿಗ್ಗೆ ಅದರಲ್ಲಿ ಮೂಡಿದ ಹೆಜ್ಜೆ ನೋಡಿ ಪ್ರಾಣಿಗಳ ಓಡಾಟ ಬರೆದುಕೊಳ್ಳುವುದು ನಮ್ಮ ಪದ್ಧತಿ. ಎರಡು ವಾರ ಆ ಮಣ್ಣಿನಲ್ಲಿ ಮೊಲದ ಹೆಜ್ಜೆಯೂ ಕಾಣಲಿಲ್ಲ. ನನಗೆ ತಲೆ ಕೆಟ್ಟಿತು. ಒಂದು ದಿನ ಹೊತ್ತು ಮೂಡುವ ಮುಂಚೆಯೇ ಹೋದೆ. ಗಾರ್ಡ್ ಬಗ್ಗಿಕೊಂಡು ಸೊಪ್ಪಿನ ಕೊಂಬೆಯಿಂದ ದಾರಿ ಗುಡಿಸುತ್ತಿದ್ದ.

“ಏನ್ ಅಳಸಾಕತ್ತೀಯೋ?” ಎಂದೆ.

“ಎಲಿ ಬಿದ್ದಿದ್ವು ಸಾಹೇಬ್ರ. ಕಸಾ ತಗದೆ.”

ಕಾಡಿನಲ್ಲಿ ಕಸ ಗುಡಿಸುವ ಗಾರ್ಡನ್ನು ಯಾರಾದರೂ ಕಂಡಿದ್ದಾರೆಯೇ! ಮ್ಯಾನೇಜರನ ಆಳುಗಳು ಕಳ್ಳತನದಿಂದ ಒಳಗೆ ಬರುತ್ತಿದ್ದಾರೆ, ಇವನು ಅವರ ಹೆಜ್ಜೆ ಅಳಿಸುತ್ತಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ವಾರದೊಳಗೆ ಅವನನ್ನು ವಡಾಲದ ಕಟ್ಟಿಗೆ ಡಿಪೊಕ್ಕೆ ಎತ್ತಂಗಡಿ ಮಾಡಿಸಿದೆ. ಹೊರಡುವಾಗ ಅವನು ನನಗೆ ನಮಸ್ಕಾರವನ್ನೂ ಮಾಡಲಿಲ್ಲ. ಕಳ್ಳನಿಗೆ ಸೊಕ್ಕು ಬೇರೆ ಎಂದುಕೊಂಡೆ.

ಗಾರ್ಡ್ ಹೋದ ಐದನೆಯ ದಿನ ಮ್ಯಾನೇಜರ್ ಚಿರತೆ ಹೊಡೆದ. ಷರತ್ತು ಮೀರದೆ, ತಬೇಲಾದ ಹಿಂದೆಯೇ. ಈಗೀಗ ಹೆಜ್ಜೆ ಚೆನ್ನಾಗಿ ಮೂಡುತ್ತಿವೆ, ಅದು ಬರುವ ದಾರಿ ತಿಳಿಯಿತು ಎಂದು ಹಿಂದಿಯಲ್ಲಿ ಹೇಳಿ ನನ್ನ ಕೈಕುಲುಕಿದ. ಸತ್ತ ಚಿರತೆಯನ್ನು ಹೊರಳಿಸಿ ನೋಡಿದೆ. ಹೆಣ್ಣು. ಮೊಲೆಗಳಲ್ಲಿ ಹಾಲಿತ್ತು. ಗಾರ್ಡ್ ಯಾರ ಹೆಜ್ಜೆ ಅಳಿಸುತ್ತಿದ್ದನೆಂದು ಆಗ ತಿಳಿಯಿತು.

ಮರಿಗಳಿಗಾಗಿ ಆ ದಿನವೆಲ್ಲ ಹುಡುಕಿದೆವು, ಸಿಗಲಿಲ್ಲ. ಅವು ಎಲ್ಲಿವೆಯೆಂದು ಬಲ್ಲವನು ಒಬ್ಬನೇ. ಮರುದಿನ ಬೆಳಿಗ್ಗೆ ವಡಾಲಕ್ಕೆ ಓಡಿದೆ. ಅವನು ದಿಮ್ಮಿಗಳ ಮೇಲೆ ನಂಬರು ಬರೆಯುತ್ತಿದ್ದ.

“ಮರಿ ಎಲ್ಲಿ ಅದಾವ? ಲಗೂನ ಹೇಳು, ಸಾಯ್ತಾವ.”

ಅವನು ಕುಂಚ ಕೆಳಗಿಟ್ಟ. “ನೀವು ಅವನ ಜೋಡಿ ಕುಂತು ಚಾ ಕುಡಿಯೂದು ನಾನಽ ಕಂಡೀನ್ರಿ ಸಾಹೇಬ್ರ. ನಿಮಗ ಹ್ಯಾಂಗ ಹೇಳ್ಲಿ?”

ಚಹಾ ಯಾಕೆ ಕುಡಿಸಿದೆನೆಂದು ಬಿಡಿಸಿ ಹೇಳಿದೆ. ಬೇರೆಯವರ ಮಾತನ್ನು ನಾನು ಹೇಗೆ ಕೇಳುತ್ತಿದ್ದೆನೋ ಹಾಗೇ ಕೇಳಿದ. ಕೊನೆಗೆ, ಬರುತ್ತೇನೆ, ಆದರೆ ಕಾಡಿಗೆ ಒಬ್ಬನೇ ಹೋಗುತ್ತೇನೆ, ನೀವು ಬೋರಿವಲಿ ಸ್ಟೇಷನ್ ಬಿಟ್ಟು ಕದಲಬಾರದು ಎಂದ. ಒಪ್ಪಿಕೊಂಡೆ. ನನ್ನದೇ ಕಾಡಿಗೆ ಹೋಗಲು ಅನುಮತಿಯಿಲ್ಲದೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತೆ.

ಅವನು ಬಂದಾಗ ಅಂಗಿ ಮುಳ್ಳಿಗೆ ಸಿಕ್ಕಿ ಹರಿದಿತ್ತು. ಕೈಯಲ್ಲಿ ಏನೂ ಇರಲಿಲ್ಲ.

“ಮರಿ ಸಿಕ್ವೇನು? ಜೀವಂತ ಅದಾವೇನು?”

“ಯಾವ ಮರಿ, ಸಾಹೇಬ್ರ?” ಎಂದ. ಲೋಕಲ್ ಬಂತು, ಹತ್ತಿ ಹೋದ.

ಅವು ಉಳಿದವೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಬಹಳ ನಾಚಿಕೆಯಾಯಿತು, ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿದ್ದರೆ ನನ್ನಂಥವನಿಗೆ ನಾನೂ ಹೇಳುತ್ತಿರಲಿಲ್ಲ.