ದೇವರ ಪಾಳಿ, ಥೈರಾಯ್ಡ್ ಗುಳಿಗೆ

ಆಗ ನನಗೆ ಅರವತ್ತೆರಡು. ಅದಾಗಿ ಈಗ ಏಳು ವರ್ಷ. ನಾನು ಕಲಿತದ್ದು ಮೂರನೇ ಇಯತ್ತೆ. ಗುಳಿಗೆಯ ಇಂಗ್ಲಿಷ್ ಹೆಸರು ಓದಲು ಬರುವುದಿಲ್ಲ, ಡಬ್ಬಿ ನೋಡಿ ನುಂಗುತ್ತೇನೆ. ಅಂಥವಳು ಹೆದರಿಕೆಯ ವಿಷಯ ಬರೆಯಲು ಕೂತಿರುವುದು ಏಕೆಂದರೆ, ನನ್ನ ಹೆದರಿಕೆ ಬಂದದ್ದು ಡಬ್ಬಿಯೊಳಗಿಂದ.

ನಮ್ಮ ಮನೆದೇವರು ಒಂದೇ ಮನೆಯಲ್ಲಿ ಇರುವವರಲ್ಲ. ಬೆಳ್ಳಿಯ ಐದು ಮೂರ್ತಿ, ಒಂದು ಕಟ್ಟಿಗೆಯ ಪೆಟ್ಟಿಗೆ. ಅಣ್ಣತಮ್ಮಂದಿರ ಮನೆಗಳಲ್ಲಿ ಒಂದೊಂದು ವರ್ಷ ಪಾಳಿ. ಆದರೆ ನನ್ನ ಗಂಡ ಹಿರಿಯನೆಂದು, ಆಮೇಲೆ ಅವನು ಸತ್ತನೆಂದು, ನೆಗೆಣ್ಣಿ, ಮೈದುನನ ಹೆಂಡತಿ ಸುಶೀಲಾ ಬಾಯಿಲ್ಲದವಳೆಂದು, ದೇವರು ಹದಿನೆಂಟು ವರ್ಷ ನಮ್ಮ ತಾರ್ನಾಕದ ಮನೆಯಲ್ಲೇ ಉಳಿದರು. ಆ ವರ್ಷ ಸುಶೀಲಾ ಬಾಯಿಬಿಟ್ಟು ಕೇಳಿದಳು. ಕೊಟ್ಟೆ. ದೇವರು ಅಮೀರ್‌ಪೇಟೆಗೆ, ಅವಳ ಮನೆಗೆ ಹೋದರು.

ಎರಡು ತಿಂಗಳಾಗುವಷ್ಟರಲ್ಲಿ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮಧ್ಯಾಹ್ನ ಫ್ಯಾನಿನ ಕೆಳಗೆ ಅಡ್ಡಾದರೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಯಾರೋ ಕೆಟ್ಟ ಸುದ್ದಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ. ಹತ್ತುತ್ತಲೇ ಇದ್ದಾರೆ, ಬಾಗಿಲಿಗೆ ಮಾತ್ರ ಬರುವುದಿಲ್ಲ. ನಮ್ಮದು ನೆಲಮಹಡಿ, ಮೆಟ್ಟಿಲೇ ಇಲ್ಲ. ಆದರೂ ಎಣಿಸುತ್ತ ಮಲಗಿರುತ್ತಿದ್ದೆ.

ಹೆದರಿಕೆಯ ಗುಣವೇ ಅದು. ಮೊದಲು ಬಂದು ಕೂತುಬಿಡುತ್ತದೆ, ಕಾರಣ ಆಮೇಲೆ ಹುಡುಕಿಕೊಳ್ಳುತ್ತದೆ. ನನ್ನದಕ್ಕೆ ಸುಶೀಲಾ ಸಿಕ್ಕಳು. ಫೋನು ಮಾಡಿ ಹೇಳಿದೆ: "ದೇವರು ನಿಮ್ಮನ್ಯಾಗ ಕುಂದ್ರವಲ್ರು. ಐತ್ವಾರ ಮಗನ್ನ ಕಳಸ್ತೀನಿ, ಪೆಟ್ಟಿಗಿ ಕಟ್ಟಿಡು."

"ಆಗ್ಲಿ ಅಕ್ಕಾರ," ಎಂದಳು. ಅಷ್ಟೇ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಶುಕ್ರವಾರ ಸೊಸೆ ಜಗ್ಗಿಕೊಂಡು ಆಸ್ಪತ್ರೆಗೆ ಒಯ್ದಳು. ಮೊದಲಿನಿಂದ ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ರಾಯಚೂರಿನ ಕಡೆಯವಳು. ರಕ್ತದ ಚೀಟಿ ನೋಡಿ, ಥೈರಾಯ್ಡ್ ಗುಳಿಗೆ ಹೇಗೆ ನುಂಗುತ್ತೀರಿ ಎಂದು ಕೇಳಿದಳು. ಬರಿ ಹೊಟ್ಟೆಗೆ, ನೀರಿನಲ್ಲಿ, ನೀವು ಹೇಳಿದ ಹಾಗೇ, ಎಂದೆ. ಮೊದಲಿನಿಂದಲೂ ಹಾಗೆಯೇ? ಅಲ್ಲಿ ಸಿಕ್ಕಿಬಿದ್ದೆ. ದೇವರಿದ್ದಾಗ ಪೂಜೆಗೆ ಮುಂಚೆ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಪೂಜೆ ಮುಗಿಸಿ, ಪಂಚಾಮೃತದ ಜೊತೆ ಗುಳಿಗೆ, ಅದರ ಮೇಲೆ ಒಂದು ಲೋಟ ಚಹಾ. ರಕ್ತ ಸುಧಾರಿಸುತ್ತಿಲ್ಲವೆಂದು ಆಗ ಅವಳು ಡೋಸು ಏರಿಸಿದ್ದಳು, ಮತ್ತೆ ಏರಿಸಿದ್ದಳು. ನುಂಗುವ ರೀತಿ ನಾನು ಹೇಳಿರಲಿಲ್ಲ. ದೇವರು ಹೋದ ಮೇಲೆ ಪೂಜೆಯಿಲ್ಲ, ಎದ್ದ ಕೂಡಲೇ ನೀರಿನಲ್ಲಿ ನುಂಗತೊಡಗಿದೆ. ಅದನ್ನೆಲ್ಲ ಈಗ ಹೇಳಿದೆ.

"ಇಷ್ಟ ದಿನ ಹಾಲು ಚಾದಾಗ ಹಾಳಾಗ್ತಿತ್ರಿ. ಈಗ ಪೂರಾ ಮೈಗೆ ಹತ್ತಾಕತ್ತೈತಿ. ಡೋಸ್ ಭಾಳ ಆಗೈತ್ರಿ ಅಮ್ಮಾರ."

"ಅಂದ್ರ ನನ್ನ ಹೆದರಿಕಿ ಸುಳ್ಳೇನು?"

"ಹೆದರಿಕಿ ಖರೇನ ಐತ್ರಿ. ಕಾರಣ ಬ್ಯಾರೆ, ಅಷ್ಟ."

ಡೋಸು ಇಳಿಸಿದಳು. ಎದೆ ಶಾಂತವಾಗಲು ಕೆಲವು ವಾರ ಬೇಕು, ಅಲ್ಲಿಯ ತನಕ ಹೆದರಿಕೆ ಬಂದರೆ ಜಗಳಾಡಬೇಡಿ, ನಿಧಾನ ಉಸಿರುಬಿಡುತ್ತ ಕೂತಿರಿ ಎಂದಳು. ಜಗಳಾಡದೆ ಕೂರುವುದು ನನಗೆ ಹೊಸ ಕೆಲಸ. ಮನೆಗೆ ಬರುವಾಗ ಆಟೋದಲ್ಲಿ ಯೋಚಿಸಿದೆ: ಕೊರಳೊಳಗಿನ ಒಂದು ಸಣ್ಣ ಗ್ರಂಥಿಯ ಗುಳಿಗೆ ಹೆಚ್ಚಾದದ್ದಕ್ಕೆ ನಾನು ಒಬ್ಬಳ ಮನೆಯಿಂದ ದೇವರನ್ನೇ ಎಬ್ಬಿಸಲು ಹೊರಟಿದ್ದೆ.

ಭಾನುವಾರಕ್ಕೆ ಕಾಯದೆ ಮರುದಿನವೇ ಬೆಳಿಗ್ಗೆ ಸಣ್ಣ ಗುಳಿಗೆ ನುಂಗಿ, ಸ್ನಾನ ಮಾಡಿ, ಒಬ್ಬಳೇ ಮೆಟ್ರೊ ಹತ್ತಿದೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಸುಶೀಲಾ ಬಾಗಿಲು ತೆಗೆದಳು. ದೇವರ ಜಗಲಿ ಬರಿದಾಗಿತ್ತು, ಪೆಟ್ಟಿಗೆ ಹಗ್ಗ ಬಿಗಿದು ಕೆಳಗಿತ್ತು.

"ನಾಳೆ ಅಂದಿದ್ರೆಲ್ಲ ಅಕ್ಕಾರ," ಎಂದಳು.

"ದೇವರು ನೆಟ್ಟಗ ಅದಾರ. ನಂದ ನೆಟ್ಟಗಿದ್ದಿಲ್ಲ. ಬಿಚ್ಚು."

ಹಗ್ಗದ ಗಂಟು ಅವಳೇ ಬಿಚ್ಚಿದಳು. ನಾನು ಮೂರ್ತಿಗಳನ್ನು ಒಂದೊಂದಾಗಿ ಕೊಟ್ಟೆ. ಅವಳು ತನಗೆ ತಿಳಿದ ಸಾಲಿನಲ್ಲಿ ಇಟ್ಟಳು. ಸಾಲು ತಪ್ಪಿತ್ತು. ಹಾಗೇ ಕೈಮುಗಿದೆ.